ಭಾವನ ಕಾಂಪೌಂಡು, ಅಕ್ಕನ ಮಣ್ಣು

ಚಿನ್ನ ಕಳೆದುಹೋಯಿತು ಅಂತ ಬಾಯಿ ಬಡಿದುಕೊಳ್ಳುವವರನ್ನು ನೀವು ನೋಡಿರುತ್ತೀರಿ. ಮಣ್ಣು ಕಳೆದುಹೋಯಿತು ಅಂತ ಪಕ್ಕದ ಹೊಲಕ್ಕೆ ಹುಡುಕಿಕೊಂಡು ಹೋದವರನ್ನು? ನಾನು ಹೋದ ಭಾನುವಾರ ನೋಡಿದೆ. ಅವರು ನನ್ನ ಭಾವ.

ಅಕ್ಕ, ಭಾವ ಇರುವುದು ಶ್ರೀರಾಂಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಗುಡ್ಡದ ಇಳಿಜಾರಿನಲ್ಲಿ ಅಕ್ಕನ ತರಕಾರಿ ಹೊಲ. ಗೇಣುದ್ದ ಅಗೆದರೆ ಬಂಡೆ. ಆ ಗೇಣು ಮಣ್ಣೂ ಗುಡ್ಡ ಕೊಟ್ಟಿದ್ದಲ್ಲ. ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣನ್ನು ಮಂಕರಿಯಲ್ಲಿ ಹೊತ್ತು ಹೊತ್ತು ಅಕ್ಕ ಹಾಕಿದ್ದು. ವರ್ಷಾ ವರ್ಷ ಕುರಿಯವರಿಗೆ ರಾಗಿ ಕೊಟ್ಟು ಹೊಲದಲ್ಲಿ ಮಂದೆ ನಿಲ್ಲಿಸುತ್ತಿದ್ದಳು (ಕುರಿ ಮಲಗಿದಲ್ಲೇ ಗೊಬ್ಬರ, ವಾಸನೆ ಪುಕ್ಕಟೆ). ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಬದು. ಗಾಳಿಗೆ ಅಡ್ಡಲಾಗಿ ತೊಗರಿ ಸಾಲು. ನಡುವೆ ಬದನೆ, ಮೆಣಸಿನಕಾಯಿ, ಹೀರೆ.

ಆಮೇಲೆ ಭಾವ ರಿಟೈರ್ ಆದರು.

ಜೀವಮಾನವೆಲ್ಲ ಆಫೀಸಿನಲ್ಲಿ ಸ್ಕೇಲಿಟ್ಟು ಗೆರೆ ಎಳೆದ ಕೈ. ಹೆಗಲಿಗೆ ಟ್ರಾನ್ಸಿಸ್ಟರ್ ನೇತುಹಾಕಿಕೊಂಡು ಹೊಲಕ್ಕೆ ಇಳಿದರು. ದೇಶಕ್ಕೆ ಶಿಸ್ತು ಬೇಕು ಅಂತ ರೇಡಿಯೋ ದಿನಾ ಹೇಳುತ್ತಿರುವಾಗ ಬದನೆ ಗಿಡ ಸೊಟ್ಟಸೊಟ್ಟ ನಿಲ್ಲುವುದೆಂದರೇನು?

"ಏನೇ ಇದು, ಹಾವು ಹರಿದಂಗೆ ಸಾಲು? ರಸ್ತೇಲಿ ಹೋಗೋ ಮಂದಿ ಏನಂದ್ಕಂತಾರೆ?"

"ಗುಡ್ಡ ಹೆಂಗೈತೋ ಸಾಲೂ ಹಂಗೇ ಹೋಗ್ಬೇಕು ಕಣ್ರಿ" ಅಂದಳು ಅಕ್ಕ.

ಗುಡ್ಡದ ಮಾತು ಕೇಳುವುದಕ್ಕೆ ಭಾವ ಏನು ಸಾಮಾನ್ಯರೇ? ಹಗ್ಗ ಹಿಡಿಸಿ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಸಾಲು ಹೊಡೆಸಿದರು. ಜಾಗ ತಿನ್ನುತ್ತವೆ ಅಂತ ಬದುಗಳನ್ನು ಕೀಳಿಸಿದರು. ಕಿತ್ತ ಕಲ್ಲು ದಂಡವಾಗಬಾರದಲ್ಲ? ಪಕ್ಕದ ರಸ್ತೆಯುದ್ದಕ್ಕೂ ಎದೆಮಟ್ಟದ ಕಾಂಪೌಂಡು ಎದ್ದಿತು. ಅದಕ್ಕೊಂದು ಕಬ್ಬಿಣದ ಗೇಟು. ಗೇಟಿಗೊಂದು ಬೀಗ.

ಕೆಳಗಿನ ಹೊಲ ಗಂಗಕ್ಕನದು. ಆಕೆ ಇದನ್ನೆಲ್ಲ ನೋಡಿ ತನ್ನ ಹಳೇ ಬದುವಿನ ಮೇಲೆ ಇನ್ನಷ್ಟು ಕಲ್ಲು ಪೇರಿಸಿದಳು.

"ಏನ್ ಗಂಗಕ್ಕ, ದುರ್ಗದ ಕೋಟೆ ಸಾಲ್ದು ಅಂತ ಇನ್ನೊಂದು ಕಟ್ತೀಯೇನು?" ಅಂತ ಭಾವ ನಕ್ಕರು.

"ನೀವು ಬಾಗ್ಲು ತೆಗ್ದು ಕಳಿಸ್ತಿದೀರಲ್ಲ ಯಜಮಾನ್ರೆ, ಬಂದೋರ್ನ ನಿಲ್ಲಿಸ್ಕಬೇಕಲ್ಲ" ಅಂದಳಂತೆ ಆಕೆ. ಭಾವನಿಗೆ ಅದು ಅರ್ಥವಾಗಿದ್ದು ಚಿತ್ತೆ ಮಳೆ ಬಂದ ಮೇಲೆ.

ಒಂದೇ ಮಧ್ಯಾಹ್ನದ ಮಳೆ. ಆ ನೆಟ್ಟನೆಯ ಸಾಲುಗಳಲ್ಲಿ ನೀರು ಬಹಳ ಶಿಸ್ತಾಗಿ ಇಳಿಯಿತು, ಎಲ್ಲೂ ನಿಲ್ಲಲಿಲ್ಲ. ಗೋಡು, ಗೊಬ್ಬರ, ಗಿಡ ಎಲ್ಲ ಕ್ಯೂನಲ್ಲಿ ಹೊರಟು ಗಂಗಕ್ಕನ ಬದುವಿಗೆ ಒರಗಿ ಕುಳಿತವು. ಕಾಂಪೌಂಡಿಗೆ ಮಾತ್ರ ಏನೂ ಆಗಲಿಲ್ಲ. ಗಟ್ಟಿ ಕೆಲಸ!

ನಾನು ಹೋದಾಗ ಅಕ್ಕ ತೊಳೆದಿಟ್ಟ ಬಂಡೆಯ ಮೇಲೆ ನಿಂತಿದ್ದಳು. "ನಾ ಹೊತ್ತಿದ್ದೆಲ್ಲ ಹೋತು ಕಣೋ" ಅಂದಳು. ಮಂಕರಿ ಹೊತ್ತು ಅವಳ ನೆತ್ತಿಯ ಕೂದಲು ತೆಳ್ಳಗಾಗಿದೆ. ನನಗೆ ಭಾವನ ಮೇಲೆ ಸಿಟ್ಟು ಬಂತು.

ಭಾವ ಆಗಲೇ ಗಂಗಕ್ಕನ ಹೊಲದಲ್ಲಿದ್ದರು. "ನಮ್ಮ ಮಣ್ಣು ನಮಗೆ ಕೊಟ್ಬಿಡು."

"ತಗಂಡೋಗ್ರಿ, ನಾನೇನ್ ಕರ್ದಿದ್ನಾ? ನಿಮ್ದ್ಯಾವ್ದು ನಂದ್ಯಾವ್ದು ಆರಿಸ್ಕಳ್ರಿ."

ಭಾವ ನಿಜವಾಗಿಯೂ ಬಗ್ಗಿ ಒಂದು ಹಿಡಿ ಎತ್ತಿ ತಿರುಗಿಸಿ ನೋಡಿದರು. ಅದರ ಮೇಲೆ ಸೀಲೂ ಇರಲಿಲ್ಲ, ಸಹಿಯೂ ಇರಲಿಲ್ಲ.

ಗಂಗಕ್ಕ ಮೇಲಕ್ಕೆ ನೋಡಿ ಕೂಗಿದಳು: "ನೀನು ಬಾರಕ್ಕ. ಇಲ್ಲೇ ನಾಕು ಸಾಲು ಬದ್ನೆ ಇಕ್ಕು. ಮಣ್ಣು ನಿಂದೇ ಅಲ್ವಾ?"

ಅಕ್ಕ ಸೆರಗು ಸಿಕ್ಕಿಸಿಕೊಂಡು ಇಳಿದೇಬಿಟ್ಟಳು. ಭಾವನ ಕಡೆ ತಿರುಗಿಯೂ ನೋಡಲಿಲ್ಲ.

ಕಾಂಪೌಂಡಿನ ಕಲ್ಲು ಕಿತ್ತು ಮತ್ತೆ ಬದು ಹಾಕೋಣ ಎಂದೆ. ಭಾವ ಒಪ್ಪಲಿಲ್ಲ, ಮರ್ಯಾದೆಯ ಪ್ರಶ್ನೆಯಂತೆ. ಸಂಜೆ ಬಂಡೆಗಳ ನಡುವೆ ಒಂದು ರೌಂಡ್ ಹಾಕಿ, ಗೇಟಿಗೆ ಬೀಗ ಜಡಿದು, ಎರಡು ಸಲ ಎಳೆದು ನೋಡಿ ಮನೆಗೆ ಬಂದರು.

ಪಾಪ, ಬಂಡೆಯನ್ನು ಯಾರಾದರೂ ಹೊತ್ತುಕೊಂಡು ಹೋದರೆ?