ಅಪ್ಪನ ಬೆರಳು ಓದಿದ ಕನ್ನಡ

ನನ್ನ ಬಾಯಿ ಜೋರು ಅಂತ ಹಳೇಬೀಡಿಗೆಲ್ಲ ಗೊತ್ತಿತ್ತು. ಅಂಥ ನನ್ನ ಬಾಯಿ ಕಟ್ಟಿಹೋದದ್ದು ಅರಸೀಕೆರೆ ಸ್ಟೇಷನ್ನಿನಲ್ಲಿ. ಅರವತ್ತರ ದಶಕದ ಶುರು, ನಾನಿನ್ನೂ ಲಂಗ ದಾವಣಿಯ ಹುಡುಗಿ. ಅಪ್ಪ ಮಿಡ್ಲ್ ಸ್ಕೂಲಿನ ಕನ್ನಡ ಮೇಷ್ಟ್ರು. ಶ್ರಾವಣದಲ್ಲಿ ಪಾಠ ಮಾಡುತ್ತಿದ್ದ ಹಾಗೇ ತಲೆ ಸುತ್ತಿ ಬಿದ್ದಿದ್ದರು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮಿದುಳಿಗೆ ಪೆಟ್ಟಾಗಿದೆ, ಕಣ್ಣಿಗೆ ಆಯಾಸ ಕೊಡಬೇಡಿ ಅಂದರು. ಆಮೇಲೆ ಮಾತು ಸರಿಹೋಯಿತು, ಕೈಕಾಲು ಆಡಿತು. ಗಂಡಾಂತರ ಕಳೀತು ಅಂದುಕೊಂಡು ಅಮ್ಮನೂ ನಾನೂ ಅವರನ್ನು ರೈಲಿನಲ್ಲಿ ಕರಕೊಂಡು ಬಂದೆವು.

ಪ್ಲಾಟ್‌ಫಾರ್ಮಿನಲ್ಲಿ ಇಳಿದವರು ಊರಿನ ಹೆಸರಿದ್ದ ಹಳದಿ ಬೋರ್ಡಿನ ಮುಂದೆ ನಿಂತುಬಿಟ್ಟರು. ಇಂಗ್ಲಿಷ್ ಸಾಲನ್ನು ಸರಾಗವಾಗಿ ಓದಿದರು. ಮೇಲಿನ ಕನ್ನಡದ ಸಾಲು ತೋರಿಸಿ, "ಇದೇನೇ ಇದು?" ಅಂದರು.

"ಸಾಕು ತಮಾಷೆ, ಬಸ್ಸು ಹೋಗತ್ತೆ ನಡಿಯಪ್ಪಾ," ಅಂತ ರೇಗಿದೆ.

"ತಮಾಷೆ ಅಲ್ಲ ಕಣೇ. ಗೆರೆ ಕಾಣ್ತಿದೆ, ಅಕ್ಷರ ಕಾಣ್ತಿಲ್ಲ." ಅವರ ಕಣ್ಣಲ್ಲಿ ನೀರಿತ್ತು.

ಬಾಣಾವರ, ಜಾವಗಲ್ ದಾಟಿ ಮನೆ ಸೇರುವತನಕ ನಾವು ಮೂವರೂ ಪಿಟ್ಟೆನ್ನಲಿಲ್ಲ.

ಮನೆಯಲ್ಲಿ ಸ್ಲೇಟು ಕೊಟ್ಟೆ. ಊರ ಹೆಸರು ಬರಿ ಅಂದರೆ ಮುತ್ತು ಪೋಣಿಸಿದ ಹಾಗೆ ಬರೆದರು. ಒಂದು ಲೋಟ ಕಾಫಿ ಕುಡಿದಾದ ಮೇಲೆ ಅದನ್ನೇ ತೋರಿಸಿದರೆ, "ಯಾರು ಬರೆದದ್ದು? ಏನಿದೆ ಇದರಲ್ಲಿ?" ಅಂತಾರೆ! ತಾವೇ ಬರೆದದ್ದು ತಮಗೇ ಓದಲು ಬರದು. ಇಂಗ್ಲಿಷ್ ಪೇಪರು ಕೊಟ್ಟರೆ ನಿಧಾನವಾಗಿಯಾದರೂ ಓದುತ್ತಾರೆ. ದೊಡ್ಡವರಾದ ಮೇಲೆ ಕಷ್ಟಪಟ್ಟು ಕಲಿತ ಭಾಷೆ ಅದು. ಶಿವನೇ, ಒಂದೇ ತಲೆ, ಅವೇ ಕಣ್ಣು. ಒಂದು ಭಾಷೆ ಹೋಗಿ ಇನ್ನೊಂದು ಉಳಿಯುವುದಕ್ಕೆ ಒಳಗೆ ಅವೆರಡಕ್ಕೂ ಬೇರೆ ಬೇರೆ ಗೂಡು ಇದೆಯೇನು?

"ಹೆತ್ತ ತಾಯಿನ ಮರೆತು ಚಿಕ್ಕಮ್ಮನ ಗುರುತು ಹಿಡಿದ ಹಾಗಾಯ್ತಲ್ರೀ!" ಅಂತ ಅಮ್ಮ ಅತ್ತೇಬಿಟ್ಟರು.

ಅರಸೀಕೆರೆಯ ಡಾಕ್ಟರಿಗೆ ತೋರಿಸಿದಾಗ ಅವರು, "ಎರಡು ಭಾಷೆ ಓದೋರಿಗೆ ಹೀಗಾಗೋದುಂಟು ಅಂತ ಕೇಳಿದೀನಿ. ಯಾಕೆ ಅಂತ ನನ್ನ ಕೇಳಬೇಡಿ ತಾಯಿ," ಅಂದರು.

ದಸರಾ ರಜೆ ಮುಗಿಯುತ್ತಲೇ ಅಪ್ಪ ಸ್ಕೂಲಿಗೆ ಹೋಗಬೇಕಿತ್ತು. ಓದಲಾರದ ಕನ್ನಡ ಮೇಷ್ಟ್ರನ್ನು ಯಾವ ಸ್ಕೂಲು ಇಟ್ಟುಕೊಳ್ಳುತ್ತೆ? ಅಪ್ಪ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಪಾಠಪುಸ್ತಕ ತೆಗೆಯೋರು, ಮುಚ್ಚೋರು. ನೋಡಿ ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಅಂತ ಗೊತ್ತಿಲ್ಲ.

ವಿಜಯದಶಮಿ ಬಂತು. ಸುತ್ತಲಿನ ಮಕ್ಕಳಿಗೆ ಅಕ್ಕಿಯ ಮೇಲೆ ಮೊದಲ ಅಕ್ಷರ ತಿದ್ದಿಸುವುದು ಅಪ್ಪನ ಕೈಯಲ್ಲೇ ಆಗಬೇಕು. ಓದಲಾರದವನು ಏನು ತಿದ್ದಿಸಲಿ ಅಂತ ಆ ವರ್ಷ ಅವರು ಬಾಗಿಲು ಹಾಕಿಸಿಬಿಟ್ಟರು. ಪಕ್ಕದ ಬಸ್ತಿಹಳ್ಳಿಯಿಂದ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ಅಜ್ಜಿ ಬಾಗಿಲು ಬಡಿದೇ ಬಡಿದಳು. "ನನ್ನ ಮಗನಿಗೂ ನೀವೇ ತಿದ್ಸಿದ್ದು. ಈ ಕೂಸಿಗೂ ನಿಮ್ಮ ಕೈಯೇ ಆಗ್ಬೇಕು ಮೇಷ್ಟ್ರೇ. ಸಂಜೆಗಂಟ ಇಲ್ಲೇ ಕುಂತಿರ್ತೀನಿ."

ಅಮ್ಮ ಬಾಗಿಲು ತೆಗೆದರು. ನಾನು ತಟ್ಟೆಗೆ ಅಕ್ಕಿ ಹರಡಿ, ಅಪ್ಪನಿಗೆ ತೊಂದರೆಯಾಗದಿರಲಿ ಅಂತ ಒಂದು ಅಕ್ಷರ ಬರೆದಿಟ್ಟೆ. ಅವರ ಕಣ್ಣಿಗೆ ಅದು ಬರೀ ಗೆರೆ. ಕೂಸಿನ ಬೆರಳು ಹಿಡಿದು ನಾನು ಕೊರೆದ ಗೆರೆಯಲ್ಲಿ ಸುಮ್ಮನೆ ಸುತ್ತಿಸಿದರು. ಗೆರೆ ಮುಗಿಯುವಷ್ಟರಲ್ಲಿ ಅವರ ಬಾಯಿಂದ "ಅ" ಅಂತ ಬಂತು.

ನಾನು ತಟ್ಟೆ ಅಲುಗಿಸಿ ನನ್ನ ಕೈ ಆಡುವುದು ಅವರಿಗೆ ಕಾಣದ ಹಾಗೆ ಬೇರೆ ಅಕ್ಷರ ಬರೆದೆ. ಬೆರಳು ಹೋಯಿತು, "ಮ" ಅಂದರು. ಮತ್ತೊಂದು ಬರೆದೆ, "ಕ" ಅಂದರು. ಅಬ್ಬಾ! ಕಣ್ಣು ಮರೆತದ್ದನ್ನು ಕೈ ಇಟ್ಟುಕೊಂಡಿತ್ತು. ಅಪ್ಪ ಕೂಸಿನ ಕೈ ಬಿಟ್ಟು ತಟ್ಟೆಯನ್ನು ತಮ್ಮತ್ತಲೇ ಎಳೆದುಕೊಂಡರು. ಕೂಸು ಕಿಟಾರನೆ ಕಿರುಚಿಕೊಂಡಿತು.

"ಇದ್ಯಾಕ್ ಮೇಷ್ಟ್ರೇ, ಕೂಸಿಗೆ ತಿದ್ಸಿ ಅಂದ್ರೆ ನೀವೇ ತಿದ್ತಾ ಕುಂತ್ರಲ್ಲ!" ಅಂದಳು ಅಜ್ಜಿ. ಅಮ್ಮ ಅಳುತ್ತಲೇ ನಕ್ಕರು.

ಉಳಿದ ರಜೆಯೆಲ್ಲ ಅದೇ ಆಯಿತು. ಪುಸ್ತಕದ ಅಕ್ಷರ ನೋಡುತ್ತ ತೋರುಬೆರಳಲ್ಲಿ ತೊಡೆಯ ಮೇಲೆ ಅದನ್ನೇ ಬರೆಯೋರು, ಬರೆದಮೇಲೆ ಬಾಯಿಗೆ ಬರೋದು. ಇಂಗ್ಲಿಷ್ ಓದುವಾಗ ಮಾತ್ರ ಆ ಬೆರಳು ತಣ್ಣಗೆ ಮಲಗಿರುತ್ತಿತ್ತು. ಅದನ್ನು ನೋಡುವುದಕ್ಕೇ ನಾನು ಎದುರಿಗೆ ಕೂರುತ್ತಿದ್ದೆ. ಎಷ್ಟು ನೋಡಿದರೂ ಬೆರಗು ತೀರಲಿಲ್ಲ.

ಸ್ಕೂಲು ತೆರೆದ ದಿನ ತಡೆಯಲಾರದೆ ಹೋಗಿ ಕ್ಲಾಸಿನ ಕಿಟಕಿ ಹತ್ತಿರ ನಿಂತೆ. ಅಪ್ಪನ ಎಡಗೈಯಲ್ಲಿ ಪುಸ್ತಕ, ಬಲಗೈ ಬೆರಳು ಪಂಚೆಯ ಮೇಲೆ ಆಡುತ್ತಿತ್ತು. ತಡೆತಡೆದು ಪಾಠ ಓದಿದರು. ನಡುವೆ ನಿಂತರು, ಮತ್ತೆ ಹೊರಟರು. ಮಕ್ಕಳು ನಗುತ್ತಾರೇನೋ ಅಂತ ನನಗೆ ಜೀವ ಹಾರಿಹೋಗಿತ್ತು. ಒಬ್ಬರೂ ನಗಲಿಲ್ಲ. ಅಪ್ಪ ಬೆವರು ಒರೆಸಿಕೊಂಡು, "ಈಗ ನೀವು ಓದಿ," ಅಂದರು.

ಓದಿದರು. ಇಡೀ ಕ್ಲಾಸಿನ ಮಕ್ಕಳ ಬಲಗೈ ತೋರುಬೆರಳು ಅವರವರ ತೊಡೆಯ ಮೇಲೆ ಬರೆಯುತ್ತಿತ್ತು.

ಅಪ್ಪನ ಮುಖ ಕೆಂಪಾಯಿತು. ಅಣಕಿಸುತ್ತಿದ್ದಾರೆ ಅಂದುಕೊಂಡರೋ ಏನೋ. "ಯಾಕ್ರೋ ಬೆರಳು ಆಡಿಸ್ತಿದ್ದೀರಿ?" ಅಂದರು.

ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಕನ್ನಡ ಹಿಂಗೇ ಓದ್ಬೇಕು ಅಲ್ವಾ ಸಾರ್? ನೀವು ಓದಿದ್ರಲ್ಲ."

ಅಪ್ಪ ತಮ್ಮ ಬೆರಳನ್ನೊಮ್ಮೆ ನೋಡಿಕೊಂಡರು. ಆಮೇಲೆ, "ಹೂಂ ಕಣಮ್ಮ, ಹಿಂಗೇ," ಅಂದು ಪುಟ ತಿರುವಿದರು.