ಎರಡನೇ ಸಲ ಕೇಳುವ ಆಟ

ಆಟ ಮುಗಿಯಿತು ಅಂದರೆ ಶಾಹಿನಾಗೆ ಸಿಟ್ಟು ಬರುತ್ತಿತ್ತು. ಸೋತರೂ ಸಿಟ್ಟು, ಗೆದ್ದರೂ ಸಿಟ್ಟು. ಕುಂಟಾಬಿಲ್ಲೆಯಲ್ಲಿ ಎಲ್ಲಾ ಮನೆ ದಾಟಿ ಗೆದ್ದ ಹುಡುಗಿ ಕುಣಿಯಬೇಕೋ ಬೇಡವೋ? ಇವಳು ಮುಖ ಊದಿಸಿಕೊಂಡು ಬಂದು ನನ್ನ ಹೋಟ್ಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದಳು. "ಎಂತಾ ಆಯ್ತೇ?" ಅಂದರೆ, "ಮುಗ್ದೋಯ್ತು ಅಜ್ಜಿ" ಅನ್ನುತ್ತಿದ್ದಳು, ಯಾರೋ ಸತ್ತ ಸುದ್ದಿ ಹೇಳಿದ ಹಾಗೆ.

ನನ್ನ ಹೋಟ್ಲು ಎನ್.ಆರ್. ಪುರದ ಬಸ್‌ಸ್ಟ್ಯಾಂಡಿನ ಎದುರಿಗಿತ್ತು. ದೊಡ್ಡದೇನಲ್ಲ, ನಾಲ್ಕು ಬೆಂಚು. ಗಂಡ ಹೋದ ಮೇಲೆ ನಾನೇ ನಡೆಸಿದೆ. ಪಕ್ಕದ್ದು ಬಾಷಾ ಸಾಹೇಬ್ರ ವಾಚ್ ರಿಪೇರಿ ಅಂಗಡಿ, ಅಂಗಡಿಯ ಹಿಂದೆ ಮನೆ. ಅವರ ಒಬ್ಬಳೇ ಮಗಳು ಈ ಶಾಹಿನಾ. ಸಣಕಲು ಹುಡುಗಿ. ತಲೆ ಮೇಲಿನ ದುಪಟ್ಟಾ ಯಾವಾಗಲೂ ಜಾರುತ್ತಿತ್ತು, ಆಟದ ಗೆರೆ ಬರೆದ ಕೈಯಲ್ಲೇ ಅದನ್ನು ಎಳೆದುಕೊಂಡು ಎಳೆದುಕೊಂಡು ತಲೆಯೆಲ್ಲ ಸೀಮೆಸುಣ್ಣ.

ಆಟ ಮುಗಿಯಬಾರದು ಅಂತ ಅವಳು ನಿಯಮ ಬದಲಾಯಿಸುತ್ತಿದ್ದಳು. ಒಂದು ಸಲ, ಔಟಾದವರು ಸುಮ್ಮನೆ ಕೂರುವ ಹಾಗಿಲ್ಲ, ನಾಯಿ ಆಗಬೇಕು ಅಂದಳು. ನಾಯಿಯ ಕೆಲಸ ಏನು ಅಂದರೆ ಆಡುವವರ ಸುತ್ತ ಬೊಗಳಿ ಅವರ ಕಾಲು ತಪ್ಪಿಸುವುದು. ಮಕ್ಕಳಿಗೆ ಕುಂಟುವುದಕ್ಕಿಂತ ಬೊಗಳುವುದೇ ಖುಷಿ. ಬೇಕಂತಲೇ ಗೆರೆ ತುಳಿದು ಔಟಾದರು. ಕೊನೆಗೆ ಆಡುವವರು ಯಾರೂ ಇಲ್ಲ, ಬೀದಿ ತುಂಬಾ ನಾಯಿ. ನನ್ನ ಹೋಟ್ಲಲ್ಲಿ ಕಾಫಿ ಕುಡಿಯುತ್ತಿದ್ದ ಕಂಡಕ್ಟರು ಲೋಟ ಇಟ್ಟು ಎದ್ದು ಹೋದ. ನಾನು ಸೌಟು ಹಿಡಿದು ಹೊರಗೆ ಬಂದೆ. ಮಿಕ್ಕವರು ಓಡಿದರು, ಇವಳು ನಿಂತಳು.

"ನಾಯಿಗೂ ಏನಾದ್ರೂ ಕಷ್ಟ ಇಡ್ಬೇಕಿತ್ತು ಅಜ್ಜಿ. ಅದೇ ತಪ್ಪಾಗಿದ್ದು."

ಬಯ್ಯಲು ಬಂದವಳಿಗೆ ಲೆಕ್ಕ ಒಪ್ಪಿಸುತ್ತಾಳೆ. ಅಂಥ ಹುಡುಗಿ.

ಓದಿನಲ್ಲಿ ಚುರುಕಿದ್ದಳು. ಬೆಂಗಳೂರಿನ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಏನು ಓದು ಅಂತ ಕೇಳಿದರೆ ಕಂಪ್ಯೂಟರಿನಲ್ಲಿ ಆಟ ಮಾಡುವುದು ಅಂದಳು. ಆಡುವುದಲ್ಲ, ಮಾಡುವುದು. ಕೊನೆಯ ವರ್ಷದ ಹೊತ್ತಿಗೆ ಆರು ತಿಂಗಳು ಸ್ವೀಡನ್ ಅಂತ ಒಂದು ದೇಶಕ್ಕೆ ಕಳಿಸುತ್ತೇವೆ ಅಂತ ಕಾಲೇಜಿನವರು ಹೇಳಿದರು. ಅದಕ್ಕೆ ಎಕ್ಸ್‌ಚೇಂಜ್ ಅಂತಾರಂತೆ. ಅಲ್ಲಿಯವರು ಒಬ್ಬರು ಇಲ್ಲಿಗೆ, ಇಲ್ಲಿಯವರು ಒಬ್ಬರು ಅಲ್ಲಿಗೆ. ನಮ್ಮ ಕಡೆ ಹೆಣ್ಣು ಕೊಟ್ಟು ಹೆಣ್ಣು ತರುತ್ತಿದ್ದರಲ್ಲ, ಆ ತರ ಅಂದುಕೊಂಡೆ.

ಬಾಷಾ ಸಾಹೇಬ್ರು ನನ್ನ ಹೋಟ್ಲಲ್ಲಿ ಕೂತು ತಲೆ ಕೆರೆದುಕೊಂಡರು. "ಪಾರ್ವತಕ್ಕ, ಎಂತಾ ಓದೋಕೆ ಹೋಗ್ತಾಳೆ ಅಂತ ಜನ ಕೇಳ್ತಾರೆ. ಆಟ ಅಂತ ಹೇಳ್ಲಾ?"

"ಕಂಪ್ಯೂಟರ್ ಅನ್ನಿ. ಸುಳ್ಳೇನಲ್ಲವಲ್ಲ."

ತರೀಕೆರೆಯಿಂದ ಒಂದು ಸಂಬಂಧ ಅವಳನ್ನು ಕೇಳಿಕೊಂಡು ಬಂದಿತ್ತು. ಸಾಹೇಬ್ರು ಅದನ್ನು ಬೇಡ ಅಂದಿರಲಿಲ್ಲ, ಮುಂದಕ್ಕೆ ಹಾಕಿದ್ದರು. ಮಗಳಿಗೆ ನನ್ನ ಎದುರೇ ಹೇಳಿದರು: "ಹೋಗು. ಅರ್ಧಕ್ಕೆ ಬಿಟ್ಟು ಬಂದ್ರೆ, ಇಲ್ಲಾ ಫೇಲಾದ್ರೆ, ಅಲ್ಲಿಗೆ ಓದು ಮುಗೀತು. ತರೀಕೆರೆಯವರಿಗೆ ಹೂಂ ಅಂತೀನಿ." ಅವಳು ದುಪಟ್ಟಾ ಎಳೆದುಕೊಂಡು "ಆಯ್ತಪ್ಪ" ಅಂದಳು.

ಹೋದಳು. ಪ್ರತಿ ಭಾನುವಾರ ಮನೆಗೆ ಫೋನು ಮಾಡಿ ಎಲ್ಲಾ ಚೆನ್ನಾಗಿದೆ ಅನ್ನುತ್ತಿದ್ದಳಂತೆ. ಒಂದು ದಿನ ನನ್ನ ಹೋಟ್ಲಿನ ಫೋನು ಹೊಡೆದುಕೊಂಡಿತು. ಊಟದ ಗಿರಾಕಿಗಳು ಕೈ ತೊಳೆದು ಹೋಗುವ ಹೊತ್ತು.

"ಅಜ್ಜಿ, ನಾನು ವಾಪಸ್ ಬರ್ತೀನಿ."

"ಯಾಕೆ?"

"ಇಲ್ಲಿ ನಾನು ಯಾರಿಗೂ ಬೇಡ. ಮಧ್ಯಾಹ್ನ ಮೂರು ಗಂಟೆಗೇ ಕತ್ತಲಾಗತ್ತೆ. ನಾಕು ಜನ ಸೇರಿ ಒಂದು ಆಟ ಮಾಡ್ಬೇಕು, ನನಗೆ ಕೆಲಸಾನೇ ಕೊಡಲ್ಲ. ಊಟಕ್ಕೆ ಹೋಗ್ತಾರೆ, ನಾನು ರೂಮಲ್ಲಿ ಬ್ರೆಡ್ ತಿಂತೀನಿ."

"ಕರೆಯೋದೇ ಇಲ್ವಾ?"

"ಕರೆದ್ರು, ಮೊದಲ ದಿನ. ಬೇಡ ಅಂದೆ."

"ಹಸಿವಿರಲಿಲ್ವಾ?"

"ಇತ್ತು. ಕರೆದ ತಕ್ಷಣ ಹೂಂ ಅಂತ ಎದ್ದು ಹೋಗೋಕಾಗತ್ತಾ ಅಜ್ಜಿ? ಆಟದ ಚಿತ್ರ ನೀನು ಬರೀತೀಯಾ ಅಂತಾನೂ ಕೇಳಿದ್ರು. ಪರವಾಗಿಲ್ಲ ನೀವೇ ಬರೀರಿ ಅಂದೆ. ಬರೆದೇ ಬಿಟ್ರು."

ನನಗೆ ಅವಳ ತಾಯಿ ಜುಬೇದಾ ಕಣ್ಣ ಮುಂದೆ ಬಂದಳು. ಹಬ್ಬದ ದಿನ ಅವರ ಮನೆಗೆ ಹೋದರೆ, ಬೇಡ ಅಂತ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೇ ಪಾಯಸ ಸುರಿಯುವ ಹೆಂಗಸು. ನಮ್ಮ ಕಡೆ ಯಾವ ಜಾತಿಯ ಮನೆಯಲ್ಲೂ ಇದೇ ರೀತಿ. ಬಂದವರು ಬೇಡ ಅನ್ನಬೇಕು, ಮನೆಯವರು ಒತ್ತಾಯ ಮಾಡಬೇಕು, ಇನ್ನೊಮ್ಮೆ ಬೇಡ ಅನ್ನಬೇಕು, ಆಮೇಲೆ ಹೊಟ್ಟೆ ತುಂಬಾ ತಿನ್ನಬೇಕು. ಮೊದಲ ಸಲಕ್ಕೇ ಹೂಂ ಅಂದವರನ್ನು ಹೊಟ್ಟೆಬಾಕ ಅಂತಾರೆ. ನನಗೆ ಇದು ಮೊದಲಿಂದ ಆಗದು. ಒಂದು ಸಲ ಕೇಳುತ್ತೇನೆ, ಬೇಡ ಅಂದರೆ ಪಾತ್ರೆ ಮುಚ್ಚುತ್ತೇನೆ. ಅದಕ್ಕೇ ನಮ್ಮ ನೆಂಟರು ನನ್ನ ಮನೆಗೆ ಬರುವಾಗ ಉಂಡು ಬರುತ್ತಿದ್ದರು.

"ನೀನು ಬೇಡ ಅಂದೆ, ಅವ್ರು ಬಿಟ್ರು. ಇದ್ರಲ್ಲಿ ಅವ್ರ ತಪ್ಪೆಂತಾ ಮಾರಾಯ್ತಿ? ಬೇಕು ಅಂತ ಹೇಳು. ಇಲ್ಲಾ ತರೀಕೆರೆಗೆ ಹೋಗಿ ಪಾತ್ರೆ ತೊಳಿ" ಅಂದು ಫೋನಿಟ್ಟೆ. ಅವಳು ಅಳುವುದು ಕೇಳಿಸುತ್ತಿತ್ತು. ಅಳುವವರ ಹತ್ತಿರ ಫೋನಲ್ಲಿ ಮಾತಾಡುವುದು ನನಗೆ ಗೊತ್ತಿಲ್ಲ.

ಸ್ವಲ್ಪ ದಿನ ಕಳೆದು ಮತ್ತೆ ಮಾಡಿದಳು. ಈಗ ಬೇರೆ ರಾಮಾಯಣ.

"ನೀವು ಹೇಳಿದ ಹಾಗೆ ಎಲ್ಲಕ್ಕೂ ಹೂಂ ಅಂದೆ ಅಜ್ಜಿ. ಈಗ ನಾಕು ಜನದ ಕೆಲಸಾನೂ ನನ್ನ ತಲೆ ಮೇಲೆ. ಉಪ್ಪು ಹಾಕಿದ ಕರೀ ಮಿಠಾಯಿ ಕೊಟ್ರು, ಅದಕ್ಕೂ ಹೂಂ ಅಂದೆ."

"ಹೆಂಗಿತ್ತು?"

"ಸೈಕಲ್ ಟ್ಯೂಬ್ ನೆಕ್ಕಿದ ಹಂಗೆ."

ಅದಕ್ಕಿಂತ ದೊಡ್ಡ ಕಷ್ಟ ಬೇರೆಯಿತ್ತು. ಅವರು ನಾಲ್ಕು ಜನ ಮಾಡಿದ ಆಟ, ರಾಕ್ಷಸರನ್ನು ಗುಂಡು ಹೊಡೆದು ಕೊಲ್ಲುವುದಂತೆ, ಅಲ್ಲಿನ ಮೇಷ್ಟರಿಗೆ ಹಿಡಿಸಲಿಲ್ಲ. ಇಂಥವು ಬೇಕಾದಷ್ಟಿವೆ, ಬೇರೆ ತನ್ನಿ, ಇಲ್ಲದಿದ್ದರೆ ಪಾಸು ಮಾಡುವುದಿಲ್ಲ ಅಂದರಂತೆ. ಉಳಿದ ಮೂವರಿಗೆ ಮುಂದಿನ ಸಲ ಮಾಡಿದರಾಯಿತು. ಇವಳಿಗೆ ಮುಂದಿನ ಸಲ ಎಲ್ಲಿದೆ? "ನೋಡು" ಅಂದೆ ಅಷ್ಟೆ.

ಆಮೇಲಿನದ್ದು ಊರಿಗೆ ಬಂದ ಮೇಲೆ ಅವಳೇ ಹೇಳಿದ್ದು. ಅವಳ ಗುಂಪಿನಲ್ಲಿ ಲೀನಾ ಅಂತ ಒಬ್ಬಳು, ಬಾಗಿಲಿಗೆ ತಲೆ ಹೊಡೆಸಿಕೊಳ್ಳುವಷ್ಟು ಉದ್ದದವಳು. ಶಾಹಿನಾ ಒಂದು ಹೊಸ ಆಟ ಕಾಗದದಲ್ಲಿ ಬರೆದು ಅವಳ ಮುಂದಿಟ್ಟಳು. ಮೊದಲು ಕಾಗದದಲ್ಲಿ ಆಡಿಸಿ ನೋಡಬೇಕಂತೆ, ಆಮೇಲೆ ಕಂಪ್ಯೂಟರಿಗೆ. ಆಟ ಏನು ಅಂದರೆ, ಒಂದು ಮನೆ, ಆ ಮನೆಗೆ ಒಬ್ಬೊಬ್ಬರಾಗಿ ನೆಂಟರು ಬರುತ್ತಾರೆ. ಆಡುವವಳು ಬಡಿಸಬೇಕು. ಎಲ್ಲಾ ನೆಂಟರೂ ಬೇಡ ಅಂತಲೇ ಶುರು ಮಾಡುತ್ತಾರೆ. ಕೆಲವರಿಗೆ ನಿಜಕ್ಕೂ ಬೇಡ, ಕೆಲವರಿಗೆ ಹಸಿವು. ಅವರ ಕಣ್ಣು ಪಾತ್ರೆಯ ಕಡೆ ಹೋಯಿತಾ, ಕೈ ಬಟ್ಟಲಿಗೆ ಪೂರ್ತಿ ಅಡ್ಡ ಬಂತಾ, ಇವನ್ನೆಲ್ಲ ನೋಡಿ ಇನ್ನೊಂದು ಸಲ ಕೇಳಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕು. ಹೆಚ್ಚು ಒತ್ತಾಯ ಮಾಡಿದರೆ ನೆಂಟರು ಬೇಜಾರಾಗಿ ಎದ್ದು ಹೋಗುತ್ತಾರೆ, ಕಡಿಮೆಯಾದರೆ ಹಸಿದುಕೊಂಡು ಹೋಗುತ್ತಾರೆ.

ಲೀನಾ ಆಡಿದಳು. ಬೇಡ ಅಂದ ಕೂಡಲೇ ಪಾತ್ರೆ ಒಳಗಿಟ್ಟಳು. ನೆಂಟರೆಲ್ಲ ಸಾಲಾಗಿ ಹಸಿದುಕೊಂಡು ಹೋದರು. ಆಟ ಮಾಡಿದವರು ಆಡುವವರ ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನೋಡಬೇಕು ಅಂತ ಅವರ ಕ್ಲಾಸಿನ ನಿಯಮವಂತೆ. ಇವಳು ಮುಚ್ಚಿಕೊಂಡೇ ಇದ್ದಳು.

"ಹಸಿವಿದ್ದವರು ಹಸಿವು ಅಂತ ಯಾಕೆ ಹೇಳಲ್ಲ?" ಅಂತ ಲೀನಾ ಕೇಳಿದಳು.

"ನಾಚಿಕೆ" ಅಂದಳು ಇವಳು.

ಆ ಹುಡುಗಿ ಕಾಗದ ಬದಿಗೆ ಸರಿಸಿದಳಂತೆ. ಆಮೇಲೆ, "ಮೊದಲ ದಿನ ಊಟಕ್ಕೆ ಕರೆದಾಗ ಬೇಡ ಅಂದೆಯಲ್ಲ, ಆವತ್ತು ನಿನಗೆ ಹಸಿವಿತ್ತಾ?"

"ಇತ್ತು."

"ನಾವು ನಿನಗೆ ಹಿಡಿಸಲಿಲ್ಲ ಅಂತ ತಿಳ್ಕೊಂಡಿದ್ವಿ."

ಅದನ್ನು ಹೇಳುವಾಗ ಶಾಹಿನಾ ನನ್ನ ಮುಂದೆ ನಕ್ಕಳು. ಅಲ್ಲಿ ನಕ್ಕಿರಲಿಲ್ಲ ಅಂತ ಕಾಣುತ್ತದೆ. ನಾಲ್ಕು ಜನವೂ ಕೆಲಸ ಹಂಚಿಕೊಂಡು ಆ ಆಟವನ್ನೇ ಮಾಡಿದರು. ಮೇಷ್ಟರುಗಳೇ ಸಾಲಲ್ಲಿ ನಿಂತು ಆಡಿದರಂತೆ. ಪಾಸಾದಳು. ಆರು ತಿಂಗಳು ಪೂರಾ ಮುಗಿಸಿ ಬಂದಳು. ಸಾಹೇಬ್ರು ತರೀಕೆರೆಗೆ ಫೋನು ಮಾಡಿ ಏನೋ ಹೇಳಿದರು, ಆ ಮಾತು ಮತ್ತೆ ಏಳಲಿಲ್ಲ.

ನನ್ನ ಹೋಟ್ಲಿನ ಬೆಂಚಿನ ಮೇಲೆ ಕಂಪ್ಯೂಟರ್ ಬಿಚ್ಚಿ ಆ ಆಟ ತೋರಿಸಿದಳು. ಬಡಿಸುವ ಹೆಂಗಸನ್ನು ನೋಡಿದೆ.

"ಇದು ನಾನಾ?"

"ಅಲ್ಲಜ್ಜಿ."

"ಮೂಗುಬಟ್ಟು ನಂದೇ."

"ಹಂಗೆಲ್ಲ ಇಲ್ಲ, ಆಡಿ ಸುಮ್ನೆ."

ಆಡಿದೆ. ನನ್ನ ಮನೆಗೆ ಬಂದ ನೆಂಟರಲ್ಲಿ ಒಬ್ಬರೂ ಉಂಡು ಹೋಗಲಿಲ್ಲ. ಅವಳು ನನ್ನ ಹಿಂದೆ ನಿಂತು ಬಾಯಿ ಮುಚ್ಚಿಕೊಂಡು ನೋಡಿದಳು. "ಬೇಕಿದ್ರೆ ಕೇಳ್ಬೇಕಿತ್ತು" ಅಂತ ಎದ್ದೆ. ಅವಳು ಬೆಂಚಿನ ಮೇಲೆ ಬಿದ್ದು ನಕ್ಕಳು.

ಅದಾಗಿ ಒಂದು ವರ್ಷಕ್ಕೆ ಅವಳಿಗೆ ಅದೇ ದೇಶದಲ್ಲಿ, ಅದೇ ಲೀನಾ ಮತ್ತು ಬೇರೆಯವರ ಜೊತೆ ಆಟ ಮಾಡುವ ಕೆಲಸ ಸಿಕ್ಕಿತು. ಹೊರಡುವ ದಿನ ಅಂಗಡಿಯ ಮುಂದೆ ಜೀಪು ಬಂದು ನಿಂತಿತು. ಸಾಹೇಬ್ರು ಮುಂದೆ, ಜುಬೇದಾ ಹಿಂದೆ, ಅವಳ ಕಾಲ ಹತ್ತಿರ ಪೆಟ್ಟಿಗೆ. ಶಾಹಿನಾ ಹೋಟ್ಲಿಗೆ ಬಂದಳು. ಮೈ ಕೈ ತುಂಬಿಕೊಂಡು ದೊಡ್ಡ ಹೆಂಗಸಿನ ಹಾಗೆ ಕಂಡಳು. ದುಪಟ್ಟಾಕ್ಕೆ ಪಿನ್ನು ಹಾಕಿದ್ದಳು.

"ಜೀಪಲ್ಲಿ ಒಂದು ಸೀಟಿದೆ ಅಜ್ಜಿ. ಏರ್‌ಪೋರ್ಟ್ ತನಕ ಬರ್ತೀರಾ? ನಾಳೆ ಅಪ್ಪ ಅಮ್ಮನ ಜೊತೆ ವಾಪಸ್ ಬರಬಹುದು."

"ನಾನೆಂತಕ್ಕೆ? ಹೋಟ್ಲು ಯಾರು ನೋಡ್ತಾರೆ? ಬೇಡ."

ಅವಳು ನನ್ನ ಮುಖ ನೋಡಿದಳು. "ಸರಿ ಅಜ್ಜಿ" ಅಂದು ಕಾಲು ಮುಟ್ಟಿ ಹೋದಳು. ಜೀಪು ಹೊರಟಿತು. ಆಮೇಲೆ ಅವಳನ್ನು ನಾನು ನೋಡಿಲ್ಲ. ಸಾಹೇಬ್ರೂ ಅಂಗಡಿ ಮುಚ್ಚಿ ಶಿವಮೊಗ್ಗಕ್ಕೆ ಹೋದರು.

ಆವತ್ತು ಬೆಳಿಗ್ಗೆ, ಜೀಪು ಬರುವ ಮೊದಲೇ, ನಾನು ಮದುವೆಗೆ ಉಡುವ ಸೀರೆ ಉಟ್ಟಿದ್ದೆ. ಅದರಲ್ಲೇ ಒಲೆಯ ಮುಂದೆ ಕೂತು ಮಧ್ಯಾಹ್ನದ ಸಾರಿಗೆ ಒಗ್ಗರಣೆ ಹಾಕಿದೆ.