ಅಜ್ಜಿ ತೋರಿಸಿದ ಹಗೇವು

ಹೋದ ಮಳೆಗಾಲದಲ್ಲಿ ನಮ್ಮ ಶಾಲೆಯ ಉಗ್ರಾಣದ ಬೀಗ ತೆಗೆದಾಗ ಒಳಗಿನಿಂದ ಹುಳಿ ವಾಸನೆಯೊಂದು ಬಂದು ಮುಖಕ್ಕೆ ಹೊಡೆಯಿತು. ರಜೆಯಲ್ಲಿ ಮೇಲಿನಿಂದ ನೀರು ಸೋರಿ ಒಂದು ಚೀಲ ಜೋಳ ನೆನೆದಿತ್ತು, ಅಷ್ಟೇ. ಅಡುಗೆಯ ಶರಣಮ್ಮ ಮೂಗಿಗೆ ಸೆರಗು ಹಿಡಿದುಕೊಂಡು, "ಒಂದ ಚೀಲ ಹೋತು, ಹೋಗ್ಲಿ ಬಿಡ್ರಿ ಟೀಚರ್" ಎಂದಳು. ನಾನು ಮಾತ್ರ ಬಾಗಿಲ ಚೌಕಟ್ಟು ಹಿಡಿದು ಹೊರಗೇ ನಿಂತೆ. ನೆನೆದ ಜೋಳದ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ಗೊತ್ತಿಲ್ಲ. ನನಗೆ ಅದು ಭಯದ ವಾಸನೆ. ಹತ್ತು ವರ್ಷದವಳಿದ್ದಾಗ ಆ ಭಯವನ್ನು ಹೊಟ್ಟೆಯಲ್ಲಿಟ್ಟುಕೊಂಡು ಒಂದು ಬೇಸಿಗೆಯಿಡೀ ಓಡಾಡಿದ್ದೇನೆ.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿ ಬಿಟ್ಟು ಒಳಗೆ ಹೊರಳಿದರೆ ನಮ್ಮ ಊರು. ಊರ ನಡುವೆ ನಮ್ಮ ವಾಡೆ. ಸುರಪುರದ ಅರಸರ ಕಾಲದಲ್ಲಿ ಕಟ್ಟಿದ್ದೆಂದು ಹೇಳುತ್ತಿದ್ದರು. ಕಟ್ಟಿಸಿದ ನಮ್ಮ ಹಿರಿಯನು ಅರಸರ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದನೆಂದು ಒಬ್ಬ ಕಾಕಾ, ಇಲ್ಲ, ದಂಡಿನ ಮುಂದೆ ಕತ್ತಿ ಹಿಡಿದು ಹೋಗುತ್ತಿದ್ದನೆಂದು ಇನ್ನೊಬ್ಬ ಕಾಕಾ. ಅಜ್ಜಿಯನ್ನು ಕೇಳಿದರೆ, "ಯಾರ ಕಂಡಾರ, ಕುದುರಿ ಲದ್ದಿ ಬಳಿತಿದ್ದನೋ ಏನೋ" ಎಂದು ನಗುತ್ತಿದ್ದಳು. ತೋಳು ಚಾಚಿದರೂ ಅಳತೆಗೆ ಸಿಗದ ದಪ್ಪ ಮಣ್ಣಿನ ಗೋಡೆಗಳು, ಕಲ್ಲಿನ ಅಂಗಳ, ಅಂಗಳದ ಸುತ್ತ ಬೇವಿನ ಕಂಬಗಳ ಪಡಸಾಲೆ, ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಏಪ್ರಿಲ್ ತಿಂಗಳ ಬಿಸಿಲಲ್ಲೂ ಪಡಸಾಲೆಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತಿತ್ತು. ನಾನು ನಾಲ್ಕು ವರ್ಷದವಳಿದ್ದಾಗ ಅವ್ವ ತೀರಿಕೊಂಡಿದ್ದಳು. ಆಮೇಲೆ ನನಗೆ ಅಜ್ಜಿಯ ಸೆರಗು, ಆ ತಂಪು, ಎರಡೇ ಗೊತ್ತು.

ಪಡಸಾಲೆಯ ಪಡುವಣ ಮೂಲೆಯಲ್ಲಿ ಅಜ್ಜಿ ಕೂರುವ ಜಾಗವಿತ್ತು. ಅಲ್ಲೇ ಬೀಸುವ ಕಲ್ಲು, ಅಲ್ಲೇ ಆಕೆಯ ಎಲೆಯಡಿಕೆ ಚೀಲ. ನಾನು ಎಂಟನೇ ವರ್ಷಕ್ಕೆ ಬಿದ್ದಾಗ ಒಂದು ಮಧ್ಯಾಹ್ನ ಆಕೆ ನನ್ನನ್ನು ಹತ್ತಿರ ಕರೆದು, ನನ್ನ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದು, "ಇದರ ಕೆಳಗ ಹಗೇವು ಐತಿ. ತುಂಬಿದ ಹಗೇವು. ಇದನ್ನ ನನಗ ನಮ್ಮತ್ತಿ ತೋರಿಸಿದ್ದಳು. ನಾ ನಿಮ್ಮವ್ವಗ ತೋರಿಸಿದ್ದೆ. ಈಗ ನಿನಗ" ಎಂದಳು. ಬರಗಾಲಕ್ಕೆಂದು ಜೋಳ ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮುಚ್ಚಿಟ್ಟ ನೆಲದೊಳಗಿನ ಕಣಜ ಅದು. ನಮ್ಮ ಮನೆಯಲ್ಲಿ ಅದರ ಜಾಗ ಹೆಂಗಸರಿಗೆ ಮಾತ್ರ ಗೊತ್ತಿರಬೇಕು. ಗಂಡಸರಿಗೆ ಯಾಕೆ ಹೇಳಬಾರದು ಎಂದರೆ, "ಅವರು ಚಾವಡ್ಯಾಗ ಕುಂತು ಬಾಯಿ ಬಿಡ್ತಾರ" ಎಂಬುದು ಅಜ್ಜಿಯ ಉತ್ತರ. ನಿಜಾಮನ ಕಾಲದಲ್ಲಿ ಲೆವಿ ಎಂದು ಸರಕಾರದ ಪಾಲಿನ ಜೋಳ ಎತ್ತಲು ಬಂದವರು ಕಬ್ಬಿಣದ ಸರಳಿನಿಂದ ಅಂಗಳವನ್ನೆಲ್ಲ ಚುಚ್ಚಿ ನೋಡಿದ್ದರಂತೆ. ಹೊಸ ಸೊಸೆಯಾಗಿದ್ದ ಅಜ್ಜಿ ಹಗೇವಿನ ಬಾಯಿಯ ಮೇಲೆಯೇ ಬೀಸುವ ಕಲ್ಲು ಇಟ್ಟುಕೊಂಡು, ಹಾಡು ಹೇಳುತ್ತ, ಬೆಳಗಿನಿಂದ ಸಂಜೆಯವರೆಗೆ ಬೀಸಿದ್ದಳಂತೆ. ಮುಂದೆ ಬಿದ್ದ ಬರದಲ್ಲಿ ಆ ಜೋಳವೇ ನಮ್ಮ ಓಣಿಯ ಮನೆಗಳನ್ನೆಲ್ಲ ಉಳಿಸಿತು. ಅಪ್ಪ ಹೈದರಾಬಾದಿನಲ್ಲಿ ಓದುತ್ತಿದ್ದಾಗ ಒಂದು ತುಂಬು ಸುಗ್ಗಿಯಲ್ಲಿ ಅಜ್ಜಿ ಅದನ್ನು ಮತ್ತೆ ತುಂಬಿಸಿದ್ದಳು. ತುಂಬಿದ ಇಬ್ಬರು ಆಳುಗಳೂ ತೀರಿಹೋಗಿದ್ದರು. ಇನ್ನೊಂದು ಮಾತನ್ನೂ ಅಜ್ಜಿ ಅಂದೇ ಹೇಳಿದಳು. ಒಳ್ಳೆಯ ವರ್ಷದಲ್ಲಿ ಹಗೇವು ತೆಗೆಯಬಾರದು, ತೆಗೆದರೆ ಬರವನ್ನು ಮನೆಗೆ ಕರೆದಂತೆ.

ಆಗಲೇ ನಮ್ಮ ಕಡೆಗೆ ಕಾಲುವೆ ಬಂದದ್ದು. ಕೃಷ್ಣೆಯ ನೀರು ನಮ್ಮ ಎರೆಹೊಲದ ನೆತ್ತಿಯ ಮೇಲೆ ಹರಿಯುವುದನ್ನು ನೋಡಲು ಊರಿಗೆ ಊರೇ ಹೋಗಿ ದಂಡೆಯ ಮೇಲೆ ನಿಂತಿತ್ತು. ಜೋಳ, ತೊಗರಿ ಬೆಳೆಯುವ ಹೊಲದಲ್ಲಿ ಭತ್ತ ಬಂತು. ಮೊದಮೊದಲು ಎಲ್ಲರಿಗೂ ಖುಷಿ. ಆಮೇಲೆ ನಮ್ಮ ಸೇದುವ ಬಾವಿಯ ನೀರು ಮೇಲೇರಿ ಬಗ್ಗಿ ತಂಬಿಗೆಯಲ್ಲಿ ಮೊಗೆಯುವಂತಾಯಿತು. ವಾಡೆಯ ಗೋಡೆಗಳ ಬುಡ ಕಪ್ಪಾಯಿತು, ಬಿಳಿ ಉಪ್ಪು ಹೂವಿನಂತೆ ಅರಳಿ ಉದುರತೊಡಗಿತು. ಎಲ್ಲರ ಮನೆಗೂ ಬಂದ ಒಳ್ಳೆಯ ಕಾಲ ನಮ್ಮ ಮನೆಯನ್ನು ಬುಡದಿಂದ ತಿನ್ನುತ್ತಿದೆ ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ಅಪ್ಪನಿಗಂತೂ ಭತ್ತದ ಹುಮ್ಮಸ್ಸು. "ವಾಡೇನ ಮೊದಲಿನಂಗ ಮಾಡಸ್ತೀನಿ" ಎಂದು ದೋರನಹಳ್ಳಿಯಿಂದ ಭೀಮಣ್ಣ ಗೌಂಡಿಯನ್ನು ಕರೆಸಿದ. ಭೀಮಣ್ಣ ಮಾತು ಕಡಿಮೆ, ಕೆಲಸ ಹೆಚ್ಚಿನ ಮನುಷ್ಯ. ಅವನ ಹೆಂಡತಿ ನಾಗಮ್ಮ ಅವನ ಜೊತೆಗೇ ಮಣ್ಣು ಕಲಸುತ್ತಿದ್ದಳು, ಬುಟ್ಟಿ ಹೊರುತ್ತಿದ್ದಳು. ಬಿಡುವಾದಾಗ ನನ್ನ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದಳು.

ಆ ವಾಸನೆ ನನಗೆ ಮೊದಲು ಬಡಿದದ್ದು ಶಿವರಾತ್ರಿ ಕಳೆದ ಮೇಲೆ. ಅಜ್ಜಿಯ ಪಕ್ಕದಲ್ಲಿ ಮಗ್ಗಿ ಬರೆಯುತ್ತ ಕೂತಾಗ ನೆಲದ ಸಂದಿಯಿಂದ ಹುಳಿ ಹುಳಿಯಾಗಿ ಏನೋ ಮೇಲೇಳುತ್ತಿತ್ತು. ಅಜ್ಜಿಯ ಮುಖ ನೋಡಿದೆ. ಆಕೆಗೂ ಗೊತ್ತಾಗಿತ್ತು. ಅಂದಿನಿಂದ ಆ ಮೂಲೆಯಲ್ಲಿ ದಿನವೂ ಲೋಬಾನ ಹಾಕತೊಡಗಿದಳು. "ಕಾಲುವಿ ನೀರು ಇವತ್ತು ಬರತೈತಿ, ನಾಳಿ ನಿಂದರತೈತಿ. ಹಗೇವು ಎಲ್ಲಿ ಹೋಗ್ತೈತಿ? ನೀ ಸುಮ್ಮಕಿರು" ಎಂದಳು. ನಾನು ಸುಮ್ಮನಿದ್ದೆ. ಆದರೆ ಊಟ ಸೇರುತ್ತಿರಲಿಲ್ಲ. ಶಾಲೆಯಲ್ಲಿ ಕೂತರೂ ಮೂಗಿನಲ್ಲಿ ಅದೇ ವಾಸನೆ. ಮನೆಗೆ ಓಡಿ ಬಂದು ಪಡಸಾಲೆ ನೆಟ್ಟಗೆ ನಿಂತಿರುವುದನ್ನು ನೋಡಿದ ಮೇಲೆಯೇ ಚೀಲ ಕೆಳಗಿಡುತ್ತಿದ್ದೆ.

ಭೀಮಣ್ಣ ಮೂರು ಕಡೆಯ ಕೆಲಸ ಮುಗಿಸಿ ಪಡುವಣ ಮೂಲೆಗೆ ಬಂದ. ಅಲ್ಲಿಯ ಕಂಬ ಗೆದ್ದಲು ತಿಂದು ಟೊಳ್ಳಾಗಿತ್ತು. ಅದನ್ನು ತೆಗೆದು ಕಲ್ಲಿನ ಕಂಬ ನಿಲ್ಲಿಸಬೇಕು. ಅಲ್ಲಿಯವರೆಗೆ ತೊಲೆಗೆ, ತೊಲೆಯ ಮೇಲಿನ ಅಷ್ಟೂ ಮಾಳಿಗೆಯ ಭಾರಕ್ಕೆ, ಒಂದು ಊರುಗೋಲು ಕೊಡಬೇಕು. ಅಜ್ಜಿಯ ಬೀಸುವ ಕಲ್ಲು ಸರಿಸಿ, ಸರಿಯಾಗಿ ಅದೇ ಜಾಗದಲ್ಲಿ ಹಲಗೆಯಿಟ್ಟು ಅದರ ಮೇಲೆ ದಪ್ಪನೆಯ ಜಾಲಿಯ ದಿಮ್ಮಿ ನಿಲ್ಲಿಸಿದ. ನಿಲ್ಲಿಸುವ ಮೊದಲು ಕಾಲಿನಿಂದ ನೆಲ ಒತ್ತಿ ನೋಡಿ, "ಅವ್ವಾರ, ಇಲ್ಲಿ ಮಣ್ಣು ಮೆತ್ತಗ ಐತ್ರಿ. ಕೆಳಗ ಹಗೇವು ಏನಾರ ಐತೇನ್ರಿ?" ಎಂದು ಕೇಳಿದ.

"ಇತ್ತು ಯಾವಾಗೋ. ದನದ ಕೊಟ್ಟಿಗಿ ಕಡೆ. ತೆಗದು ಮುಚ್ಚೀವಿ" ಎಂದಳು ಅಜ್ಜಿ. ಹೇಳುವಾಗ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಅಜ್ಜಿ ಕೆಟ್ಟವಳಲ್ಲ. ಓಣಿಯ ಮಕ್ಕಳಿಗೆ ಜ್ವರ ಬಂದರೆ ತನ್ನ ಊಟ ಬಿಟ್ಟು ಹೋಗಿ ಕೂರುವವಳು. ಆದರೆ ಸರಳು ಹಿಡಿದು ಬಂದವರಿಂದ ಉಳಿಸಿದ ಹಗೇವನ್ನು, ಊರೆಲ್ಲ ಅನ್ನ ಉಣ್ಣುವ ವರ್ಷದಲ್ಲಿ, ಗೌಂಡಿಯ ಒಂದು ಮಾತಿಗೆ ಬಿಚ್ಚಿ ತೋರಿಸುವುದು ಆಕೆಯಿಂದಾಗಲಿಲ್ಲ. ಇಷ್ಟು ವರ್ಷ ತಡೆದ ನೆಲ ಇನ್ನೆರಡು ದಿನ ತಡೆದೀತು ಎಂದುಕೊಂಡಿರಬೇಕು. ನಾನು ಮಾತ್ರ ದಿಮ್ಮಿಯ ಬುಡದಲ್ಲಿ ಬೆರಳಿಟ್ಟು ಅಳೆಯುತ್ತಿದ್ದೆ. ಮೊದಲ ದಿನ ಬುಡದ ಹಲಗೆ ನೆಲದ ಮೇಲಿತ್ತು. ಮರುದಿನ ಉಗುರಿನಷ್ಟು ಇಳಿದಿತ್ತು. ಅಪ್ಪನಿಗೆ ಹೇಳಬೇಕೆಂದು ಅವನ ಹಿಂದೆ ಹಿಂದೆ ಹೋಗಿ, ಅವನು ತಿರುಗಿ "ಏನವ್ವಾ?" ಎಂದರೆ "ಏನಿಲ್ಲ" ಎಂದು ಬಂದೆ. ಅಜ್ಜಿ ನನ್ನ ಅಂಗೈ ನೆಲಕ್ಕೆ ಒತ್ತಿದ್ದು ನೆನಪಾದರೆ ಬಾಯಿ ಕಟ್ಟಿಹೋಗುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಹಳೆಯ ಕಂಬ ತೆಗೆದರು. ಭೀಮಣ್ಣ ಕಲ್ಲಿನ ಕಂಬದ ತಳ ಸರಿಮಾಡುತ್ತಿದ್ದ. ನಾಗಮ್ಮ ತೊಲೆಯ ಕೆಳಗೆ ಕೂತು ಅವನಿಗೆ ಗಚ್ಚು ಕೊಡುತ್ತಿದ್ದಳು. ಮಾಳಿಗೆಯಿಂದ ಒಂದು ಹಿಡಿ ಮಣ್ಣು ಅವಳ ತಲೆಯ ಮೇಲೆ ಸುರಿಯಿತು. ಅವಳು ನಗುತ್ತ ಕೊಡವಿಕೊಂಡಳು. ನಾನು ದಿಮ್ಮಿಯ ಬುಡ ನೋಡಿದೆ. ಹಲಗೆ ಪೂರ್ತಿ ನೆಲದೊಳಗಿತ್ತು.

"ಅದರ ಕೆಳಗ ಹಗೇವು ಐತಿ! ಏಳ ನಾಗವ್ವಾ, ಹಗೇವು ಐತಿ!"

ಅಂಥ ದನಿ ನನ್ನಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ. ಭೀಮಣ್ಣ ಮರುಮಾತಾಡದೆ ಹೆಂಡತಿಯ ರಟ್ಟೆ ಹಿಡಿದು ಅಂಗಳಕ್ಕೆ ಎಳೆದ. ಅವರಿಬ್ಬರೂ ಕಲ್ಲುಹಾಸಿನ ಮೇಲೆ ಬೀಳುವಷ್ಟರಲ್ಲಿ ಹಿಂದೆ ದಿಮ್ಮಿ ಕುಸಿಯಿತು, ತೊಲೆ ಮುರಿಯಿತು, ತಲೆಮಾರುಗಳ ಮಣ್ಣು ಒಮ್ಮೆಗೇ ಕೆಳಗೆ ಬಂತು. ದೂಳು ಇಳಿದ ಮೇಲೆ ನೋಡಿದರೆ ಮೂಲೆಯಲ್ಲಿ ಬಾವಿಯಂಥ ಕುಣಿ. ಅದರೊಳಗೆ ಕಾಲುವೆಯ ನೀರು, ನೀರಿನಲ್ಲಿ ಕರಿ ಕೆಸರಾಗಿದ್ದ ಜೋಳ. ನಾಗಮ್ಮನ ಮೊಣಕೈ ತರಚಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಅಪ್ಪ ಕುಣಿಯ ಅಂಚಿನಲ್ಲಿ ನಿಂತು ಅಜ್ಜಿಯನ್ನೇ ನೋಡುತ್ತಿದ್ದ. ಅಜ್ಜಿ ಹೊಸ್ತಿಲ ಮೇಲೆ ಕೂತು, ಜೋಳದ ಕಡೆಗೂ ನೋಡದೆ, ಅಪ್ಪನ ಕಡೆಗೂ ನೋಡದೆ, "ಹೇಳಿಬಿಟ್ಟಳು" ಎಂದಳು. ಅಷ್ಟೇ.

ಅಪ್ಪ ಆ ಕುಣಿಗೆ ಕಲ್ಲುಮಣ್ಣು ತುಂಬಿಸಿ, ಮೂಲೆಯನ್ನು ಸಿಮೆಂಟು, ಕಬ್ಬಿಣದಲ್ಲಿ ಮತ್ತೆ ಎಬ್ಬಿಸಿದ. ಆ ಮೂಲೆಗೆ ಹಳೆಯ ತಂಪು ಮರಳಲಿಲ್ಲ. ನೆಲದ ನೀರೂ ಇಳಿಯಲಿಲ್ಲ. ನಾನು ಹೈಸ್ಕೂಲು ಮುಗಿಸುವಷ್ಟರಲ್ಲಿ ಉಳಿದ ಗೋಡೆಗಳೂ ಒಂದೊಂದಾಗಿ ಬಾಗಿದವು. ಕೊನೆಗೆ ಬಾಗಿಲು ತೊಲೆಗಳನ್ನು ಬಿಚ್ಚಿ, ಎಲ್ಲರೂ ಶಹಾಪುರದ ಮನೆಗೆ ಬಂದೆವು. ವಾಡೆ ಇದ್ದ ಜಾಗದಲ್ಲಿ ಈಗ ಜೌಗಿನ ಆಪು ಹುಲ್ಲು ಬೆಳೆದಿದೆ. ಒಮ್ಮೆ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ನಾಗಮ್ಮ ಸಿಕ್ಕಳು. ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡಿದ್ದಳು. ನನ್ನ ಕೆನ್ನೆ ಸವರಿ ಲಟಿಕೆ ಮುರಿದು, "ನಿನ್ನ ಬಾಯಿಂದ ಉಳದೀನಿ ನೋಡ ತಾಯಿ" ಎಂದಳು. ನಾನು ಅಂದು ಮಾಡಿದ್ದು ಸರಿ ಎಂಬುದರಲ್ಲಿ ನನಗೆ ಎಂದೂ ಅನುಮಾನ ಬಂದಿಲ್ಲ.

ಅಜ್ಜಿ ಒಂದು ದಿನವೂ ನನ್ನನ್ನು ಬೈಯಲಿಲ್ಲ. ಮೊದಲಿನಂತೆಯೇ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು, ಎಣ್ಣೆ ಹಚ್ಚಿ ಎರೆದಳು, ಪರೀಕ್ಷೆಗೆ ಹೋಗುವಾಗ ಹಣೆಗೆ ವಿಭೂತಿ ಇಟ್ಟಳು. ಆದರೆ ಹತ್ತಿರ ಕೂರಿಸಿಕೊಂಡು ದನಿ ತಗ್ಗಿಸಿ ಏನನ್ನೂ ಹೇಳಲಿಲ್ಲ. ಶಹಾಪುರದಲ್ಲಿ ಹಾಸಿಗೆ ಹಿಡಿದಾಗ ನಾನೇ ಕಾಲೊತ್ತುತ್ತ ಕೂತಿದ್ದೆ. ಅವ್ವನ ಬಗ್ಗೆ, ಅವ್ವ ಹೇಗೆ ತೀರಿಕೊಂಡಳೆಂಬುದರ ಬಗ್ಗೆ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಂದು ಧೈರ್ಯ ಮಾಡಿ ಕೇಳಿದೆ, "ಅವ್ವಗ ಏನಾಗಿತ್ತು ಅಜ್ಜಿ? ನನಗಾದರೂ ಹೇಳು."

ಅಜ್ಜಿ ನನ್ನ ಕಡೆಗೆ ಹೊರಳಿದಳು. ನನ್ನ ಅಂಗೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. ತುಟಿಯ ಅಂಚಿನಲ್ಲಿ ಒಂದು ಸಣ್ಣ ನಗೆ ಬಂತು. ಅದರಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡವ್ವಾ. ನೀ ಹೇಳಿಬಿಡಾಕಿ" ಎಂದು, ಕೈ ಬಿಟ್ಟು, ಗೋಡೆಯ ಕಡೆಗೆ ಹೊರಳಿ ಮಲಗಿದಳು.